ಎರಡನೇ ಸಲ ನೋಡುವವರು ಯಾರು?

2018ರ ಡಿಸೆಂಬರ್ 18ರಂದು ಜೈಪುರದಲ್ಲಿ ಐಪಿಎಲ್ ಹರಾಜು ನಡೆಯಿತು. 20 ಲಕ್ಷ ರೂಪಾಯಿ ಮೂಲಬೆಲೆಯ ಬೌಲರ್ ಒಬ್ಬರ ಹೆಸರು ಬಂದಾಗ ಫಲಕಗಳು ಒಂದರ ಹಿಂದೊಂದು ಎದ್ದವು. ಕೂಗು ನಿಂತಾಗ ಬೆಲೆ 8 ಕೋಟಿ 40 ಲಕ್ಷ. ಕೊಂಡವರು ಕಿಂಗ್ಸ್ ಇಲೆವೆನ್ ಪಂಜಾಬ್. ಬೌಲರ್ ವರುಣ್ ಚಕ್ರವರ್ತಿ. ಬೆಳೆದದ್ದು ಚೆನ್ನೈನಲ್ಲಿ, ಓದಿದ್ದು ವಾಸ್ತುಶಿಲ್ಪ, ಹುಟ್ಟಿದ್ದು ನಮ್ಮ ಬೀದರಿನಲ್ಲಿ. ಮೂರು ತಿಂಗಳ ನಂತರ ಈಡನ್ ಗಾರ್ಡನ್ಸ್‌ನಲ್ಲಿ ಕೋಲ್ಕತ್ತ ತಂಡದ ವಿರುದ್ಧ ಅವರು ಹಾಕಿದ ಮೊದಲ ಐಪಿಎಲ್ ಓವರ್‌ಗೆ 25 ರನ್ ಹೋದವು. ಬೆರಳಿಗೆ ಪೆಟ್ಟಾಗಿ ಆ ಋತು ಒಂದೇ ಪಂದ್ಯಕ್ಕೆ ಮುಗಿಯಿತು. ಪಂಜಾಬ್ ಕೈಬಿಟ್ಟಿತು. ವರ್ಷದ ಕೊನೆಯ ಹರಾಜಿನಲ್ಲಿ ಅದೇ ಕೋಲ್ಕತ್ತ ತಂಡ ಅವರನ್ನು 4 ಕೋಟಿಗೆ ಕೊಂಡಿತು, 2022ಕ್ಕೆ 8 ಕೋಟಿ ಕೊಟ್ಟು ಉಳಿಸಿಕೊಂಡಿತು, 2025ಕ್ಕೆ 12 ಕೋಟಿ ಕೊಟ್ಟಿತು. ಮನುಷ್ಯ ಒಬ್ಬನೇ, ಬೆಲೆ ನಾಲ್ಕು.

ಬೆಲೆ ಏರಿಳಿದದ್ದು ಆಟ ಏರಿಳಿದದ್ದಕ್ಕೆ ಎಂದು ಹೇಳಿ ಮುಗಿಸಬಹುದು. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಹೊಸ ಆಟಗಾರನ ಮೇಲೆ ಬೀಳುವ ಬೆಲೆಯಲ್ಲಿ ಆಟಗಾರ ಎಷ್ಟಿರುತ್ತಾನೋ ಕೊಳ್ಳುವವನ ಕೊರತೆಯೂ ಅಷ್ಟೇ ಇರುತ್ತದೆ. ಇನ್ನೂ ದೊಡ್ಡ ಆಟ ಆಡದ ಹುಡುಗನನ್ನು ದೊಡ್ಡ ಆಟಕ್ಕೆ ಅಳೆಯುವ ಕೆಲಸ ಜಗತ್ತಿನ ಎಲ್ಲ ಕಡೆ ನಡೆಯುತ್ತದೆ, ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ರೀತಿ ತಪ್ಪುತ್ತದೆ.

ಈ ಕೆಲಸಕ್ಕೆ ಅತಿ ಹೆಚ್ಚು ದುಡ್ಡು, ಯಂತ್ರ, ಜನ ಹಾಕಿರುವವರು ಅಮೆರಿಕದ ಫುಟ್‌ಬಾಲ್‌ನವರು. ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಡಿಕ್ಕಿ ಹೊಡೆಯುವ ಆಟ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಒಂದು ಸ್ಥಾನವಿದೆ. ಪ್ರತಿ ಸಲ ಚೆಂಡು ಮೊದಲು ಬರುವುದು ಅವನ ಕೈಗೆ. ಎದುರಿನ ದಾಂಡಿಗರು ಮೈಮೇಲೆ ಬೀಳುವ ಮುಂಚೆ, ಎರಡೂವರೆ ಮೂರು ಸೆಕೆಂಡಿನಲ್ಲಿ, ಯಾರು ಎಲ್ಲಿ ಓಡುತ್ತಿದ್ದಾರೆ, ಯಾರಿಗೆ ಎಸೆಯಬೇಕು ಎಂದು ಅವನು ತೀರ್ಮಾನಿಸಿ ಎಸೆದಿರಬೇಕು. ತಂಡದ ವರ್ಷದ ಹಣೆಬರಹ ಬಹುಮಟ್ಟಿಗೆ ಅವನ ಕೈಯಲ್ಲಿ. ಅಲ್ಲಿ ಹರಾಜು ಇಲ್ಲ. 1936ರಿಂದ ನಡೆದುಬಂದಿರುವ ಡ್ರಾಫ್ಟ್ ಇದೆ. 32 ತಂಡಗಳು, ಏಳು ಸುತ್ತು. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಆಯ್ಕೆಯ ಹಕ್ಕು. ಕಾಲೇಜಿನಲ್ಲಿ ಆಡಿ ಬಂದ ಹುಡುಗರಲ್ಲಿ ಯಾರನ್ನು ಬೇಕಾದರೂ ಹೆಸರಿಸಬಹುದು. ಸೋತು ಸುಣ್ಣವಾದ ತಂಡಕ್ಕೆ ಬೇಕಾಗಿರುವುದು ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್.

ಡ್ರಾಫ್ಟ್‌ಗೆ ಮುಂಚೆ ಇಂಡಿಯಾನಾಪೊಲಿಸ್ ನಗರದಲ್ಲಿ ಈ ಹುಡುಗರನ್ನೆಲ್ಲ ಕರೆಸಿ ಪರೀಕ್ಷಿಸುತ್ತಾರೆ. ಎತ್ತರ, ತೂಕ, 40 ಗಜದ ಓಟ, ಜಿಗಿತ. ಅಂಗೈ ಅಗಲಿಸಿ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಅಳೆಯುತ್ತಾರೆ. 12 ನಿಮಿಷದಲ್ಲಿ 50 ಪ್ರಶ್ನೆಯ ಬುದ್ಧಿ ಪರೀಕ್ಷೆಯೂ ಹಲವು ದಶಕ ಇತ್ತು, 2022ರಲ್ಲಿ ಕೈಬಿಟ್ಟರು. ನಮ್ಮ ಕಡೆ ಜಾತ್ರೆಯಲ್ಲಿ ದೇವಣಿ ಎತ್ತು ಕೊಳ್ಳುವವನು ಹಲ್ಲು ಎಣಿಸಿ, ಗೊರಸು ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನಲ್ಲ, ಹೆಚ್ಚುಕಡಿಮೆ ಹಾಗೆಯೇ. ಆದರೆ ಎತ್ತು ಕೊಳ್ಳುವವನಿಗೆ ಒಂದು ವಿಷಯ ಮೊದಲೇ ಗೊತ್ತಿರುತ್ತದೆ: ಅದು ಬೇಕಾಗಿರುವುದು ಗಾಡಿಗೋ, ನೇಗಿಲಿಗೋ.

ಇಷ್ಟೆಲ್ಲ ಅಳೆದೂ ಏನಾಗಿದೆ ನೋಡಿ. 1998ರಲ್ಲಿ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಯಾರು ಮೇಲು ಎಂದು ಅಮೆರಿಕವೆಲ್ಲ ವಾದಿಸಿತು. ಪೇಟನ್ ಮ್ಯಾನಿಂಗ್ ಮೊದಲನೆಯವರಾಗಿ, ರಯಾನ್ ಲೀಫ್ ಎರಡನೆಯವರಾಗಿ ಆಯ್ಕೆಯಾದರು. ಮ್ಯಾನಿಂಗ್ ಐದು ಸಲ ಲೀಗಿನ ಶ್ರೇಷ್ಠ ಆಟಗಾರ ಎನಿಸಿಕೊಂಡರು. ಲೀಫ್ ಅವರ ಇಡೀ ವೃತ್ತಿಯಲ್ಲಿ ಅಂಕ ತಂದ ಎಸೆತ 14, ಎದುರಾಳಿಯ ಕೈಗೆ ಹೋದ ಎಸೆತ 36. ಕೆಲವೇ ವರ್ಷದಲ್ಲಿ ಆಟದಿಂದ ಹೊರಗೆ. ಎರಡು ವರ್ಷದ ನಂತರ, 2000ದ ಡ್ರಾಫ್ಟ್‌ನಲ್ಲಿ, ಓಟದಲ್ಲಿ ಹಿಂದೆ ಬಿದ್ದ, ನೋಡಲು ಪೇಲವವಾಗಿದ್ದ ಟಾಮ್ ಬ್ರೇಡಿಯನ್ನು 199ನೆಯವರಾಗಿ ತೆಗೆದುಕೊಂಡರು. ಅವರಿಗಿಂತ ಮೊದಲು ಆರು ಕ್ವಾರ್ಟರ್‌ಬ್ಯಾಕ್‌ಗಳು ಹೋಗಿದ್ದರು. ಬ್ರೇಡಿ ಗೆದ್ದದ್ದು ಏಳು ಸೂಪರ್ ಬೌಲ್, ಅಂದರೆ ಆ ಲೀಗಿನ ಫೈನಲ್. 2022ರಲ್ಲಿ ಬ್ರಾಕ್ ಪರ್ಡಿ 262ನೆಯವರು, ಅಂದರೆ ಆ ವರ್ಷದ ಕಟ್ಟಕಡೆಯ ಹೆಸರು. ಎರಡನೇ ಋತುವಿನಲ್ಲೇ ತಂಡವನ್ನು ಸೂಪರ್ ಬೌಲ್‌ಗೆ ಒಯ್ದರು.

ಇಂಥ ಕತೆಗಳನ್ನು ಹೇಳಿ ಆಯ್ಕೆದಾರರನ್ನು ನಗೆಪಾಟಲು ಮಾಡುವುದು ಸುಲಭ. ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಎಂಬ ಇಬ್ಬರು ವಿದ್ವಾಂಸರು ನಗುವುದು ಬಿಟ್ಟು ಲೆಕ್ಕ ಹಾಕಿದರು. ಥೇಲರ್ ಮುಂದೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಒಂದೇ ಸ್ಥಾನದಲ್ಲಿ ಆಡುವ, ಒಬ್ಬರ ನಂತರ ಒಬ್ಬರು ಆಯ್ಕೆಯಾದ ಇಬ್ಬರನ್ನು ತೆಗೆದುಕೊಂಡರೆ, ಮೊದಲು ಆಯ್ಕೆಯಾದವನೇ ಮುಂದೆ ಹೆಚ್ಚು ಚೆನ್ನಾಗಿ ಆಡುವ ಸಂಭವ ಸುಮಾರು 52 ಪ್ರತಿಶತ. ನಾಣ್ಯ ಚಿಮ್ಮಿದರೆ 50. ಅಂದರೆ ಅಷ್ಟು ಕಾಸು, ಅಷ್ಟು ವಿಡಿಯೊ, ಅಷ್ಟು ಅಳತೆಪಟ್ಟಿ ಸೇರಿ ನಾಣ್ಯಕ್ಕಿಂತ ಎರಡು ಕಾಳು ಹೆಚ್ಚು. ಆದರೂ ಮೇಲಿನ ಆಯ್ಕೆಗಾಗಿ ತಂಡಗಳು ಕೆಳಗಿನ ಹಲವು ಆಯ್ಕೆಗಳನ್ನು ಬಿಟ್ಟುಕೊಡುತ್ತವೆ. ಆ ಸಂಶೋಧನೆಯ ಹುರುಳು ಇಷ್ಟೆ: ಆಯ್ಕೆದಾರರು ದಡ್ಡರೇನಲ್ಲ, ತಮ್ಮ ಕಣ್ಣಿನ ಮೇಲೆ ಇರಬೇಕಾದ್ದಕ್ಕಿಂತ ಹೆಚ್ಚು ನಂಬಿಕೆ ಇಟ್ಟವರು.

ಇನ್ನು ನಮ್ಮ ಕಡೆಗೆ. ಐಪಿಎಲ್ ಎಂದರೆ ಹರಾಜು ಎಂದೇ ನಮಗೆ ಅಭ್ಯಾಸ. ಮೊದಲ ವರ್ಷ ಅಲ್ಲಿಯೂ ಒಂದು ಡ್ರಾಫ್ಟ್ ನಡೆದಿತ್ತು. 2008ರ ಮಾರ್ಚ್‌ನಲ್ಲಿ, 19 ವರ್ಷದೊಳಗಿನವರ ವಿಶ್ವಕಪ್ ಗೆದ್ದು ಬಂದ ಹುಡುಗರನ್ನು ಸರದಿಯ ಪ್ರಕಾರ ತಂಡಗಳು ಆರಿಸಿಕೊಂಡವು. ಮೊದಲ ಸರದಿ ಡೆಲ್ಲಿಯದು. ಆ ಗೆದ್ದ ತಂಡದ ನಾಯಕ ಡೆಲ್ಲಿಯವನೇ, ಊರಿನ ಹುಡುಗ, ವಿರಾಟ್ ಕೊಹ್ಲಿ. ಡೆಲ್ಲಿ ಹೆಸರಿಸಿದ್ದು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು. ಬೆಂಗಳೂರು ತಡಮಾಡದೆ ಕೊಹ್ಲಿಯನ್ನು ಎತ್ತಿಕೊಂಡಿತು.

ಡೆಲ್ಲಿಯವರಿಗೆ ಕಣ್ಣಿರಲಿಲ್ಲ ಎಂದು ಈಗ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ತಂಡದಲ್ಲಿ ಆಗಲೇ ಸೆಹ್ವಾಗ್, ಗಂಭೀರ್, ಶಿಖರ್ ಧವನ್, ಎ.ಬಿ. ಡಿವಿಲಿಯರ್ಸ್ ಇದ್ದರು. ಇನ್ನೊಬ್ಬ ಬ್ಯಾಟರ್ ಬಂದರೆ ಕೂರುವುದು ಬೆಂಚಿನ ಮೇಲೆ. ಬೇಕಿದ್ದದ್ದು ಬೌಲರ್. ಅವರು ಹುಡುಗರನ್ನು ತಪ್ಪಾಗಿ ಅಳೆಯಲಿಲ್ಲ. ತಮ್ಮ ಮನೆಯ ಕೊರತೆಯನ್ನು ಸರಿಯಾಗಿ ಅಳೆದರು, ಆ ಕೊರತೆ ಎಷ್ಟು ದಿನದ್ದು ಎಂಬುದನ್ನು ಮಾತ್ರ ಅಳೆಯಲಿಲ್ಲ. ಮೊದಲ ವರ್ಷ ಮುಗಿದಾಗ ಲೆಕ್ಕ ನೋಡಿದ್ದರೆ ಡೆಲ್ಲಿಯೇ ಜಾಣ ಅನ್ನಿಸುತ್ತಿತ್ತು: ಕೊಹ್ಲಿ 2008ರಲ್ಲಿ 13 ಪಂದ್ಯಗಳಲ್ಲಿ ಗಳಿಸಿದ್ದು 165 ರನ್. ಮರುವರ್ಷ 246. ಅದರ ಮರುವರ್ಷ 307. ನಾಲ್ಕನೇ ವರ್ಷಕ್ಕೆ 557. ಬೆಂಗಳೂರಿನ ನಿಜವಾದ ಆಯ್ಕೆ 2008ರ ಮಾರ್ಚ್‌ನದಲ್ಲ. 165 ಗಳಿಸಿದವನನ್ನು ಇಟ್ಟುಕೊಂಡದ್ದು, ಮತ್ತೆ ಮತ್ತೆ ಆಡಿಸಿದ್ದು, ಅದೇ ಆಯ್ಕೆ.

ಕೊರತೆ ನೋಡಿ ಕೊಂಡದ್ದಕ್ಕೆ ಕರ್ನಾಟಕದ್ದೇ ಎರಡು ಉದಾಹರಣೆ ಇವೆ, ಎರಡೂ ಪಾಠಪುಸ್ತಕಕ್ಕೆ ಹಾಕುವಂಥವು. 2014ರ ಚಾಂಪಿಯನ್ಸ್ ಲೀಗ್‌ನಲ್ಲಿ ಕೋಲ್ಕತ್ತದ ಸುನಿಲ್ ನಾರಾಯಣ್ ಅವರ ಬೌಲಿಂಗ್ ಶೈಲಿಯ ಮೇಲೆ ಅಂಪೈರ್‌ಗಳು ದೂರು ಕೊಟ್ಟರು. ಮುಂದಿನ ಐಪಿಎಲ್‌ಗೆ ಅವರು ಇರುತ್ತಾರೋ ಇಲ್ಲವೋ ಎಂಬ ಹೆದರಿಕೆ. 2015ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಹರಾಜು. ಕೊಡಗಿನ ಕೆ.ಸಿ. ಕಾರಿಯಪ್ಪ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಬಿಜಾಪುರ ಬುಲ್ಸ್ ಪರ ಚೆಂಡು ಯಾವ ಕಡೆ ತಿರುಗುತ್ತದೆಂದು ತಿಳಿಯದಂತೆ ಹಾಕಿದ್ದರು. ರಾಜ್ಯದ ಹಿರಿಯರ ತಂಡಕ್ಕೆ ಒಂದೂ ಪಂದ್ಯ ಆಡಿರಲಿಲ್ಲ. ಮೂಲಬೆಲೆ 10 ಲಕ್ಷ. ಕೋಲ್ಕತ್ತ ಕೊಟ್ಟದ್ದು 2 ಕೋಟಿ 40 ಲಕ್ಷ. ಟೂರ್ನಿ ಶುರುವಾಗುವ ಹೊತ್ತಿಗೆ ನಾರಾಯಣ್ ಪರೀಕ್ಷೆಯಲ್ಲಿ ಪಾಸಾಗಿ ಬಂದುಬಿಟ್ಟರು. ಕೊರತೆ ಮಾಯ. ಕಾರಿಯಪ್ಪನವರಿಗೆ ಆ ಋತುವಿನಲ್ಲಿ ಸಿಕ್ಕಿದ್ದು ಒಂದೇ ಪಂದ್ಯ. ಅದರಲ್ಲಿ ಡಿವಿಲಿಯರ್ಸ್ ವಿಕೆಟ್ ತೆಗೆದರು. ಮರುವರ್ಷದ ಹರಾಜಿನಲ್ಲಿ ಪಂಜಾಬ್ 80 ಲಕ್ಷ ಕೊಟ್ಟಿತು. ಮೂರನೇ ಒಂದು ಭಾಗಕ್ಕೆ ಇಳಿದದ್ದು ಏನು? ಒಂದು ಪಂದ್ಯ ಆಡಿ ಡಿವಿಲಿಯರ್ಸ್ ಅವರನ್ನು ಔಟ್ ಮಾಡಿದವನ ಪ್ರತಿಭೆಯಂತೂ ಅಲ್ಲ.

ಇನ್ನೊಂದು ಕೆ. ಗೌತಮ್ ಅವರದು. 2021ರ ಫೆಬ್ರುವರಿ ಹರಾಜಿನಲ್ಲಿ ಚೆನ್ನೈ ಅವರಿಗೆ ಕೊಟ್ಟದ್ದು 9 ಕೋಟಿ 25 ಲಕ್ಷ. ಭಾರತ ತಂಡಕ್ಕೆ ಇನ್ನೂ ಆಡದ ಆಟಗಾರನಿಗೆ ಅದುವರೆಗೆ ಅಷ್ಟು ಬೆಲೆ ಯಾರೂ ಕೊಟ್ಟಿರಲಿಲ್ಲ. ಹರಭಜನ್ ಸಿಂಗ್ ಅವರನ್ನು ಬಿಟ್ಟುಕೊಟ್ಟ ತಂಡ, ಚೆಪಾಕಿನ ಒಣ ಪಿಚ್, ಆಫ್ ಸ್ಪಿನ್ ಹಾಕಿ ಕೊನೆಗೆ ಬ್ಯಾಟನ್ನೂ ಬೀಸುವವನು ಬೇಕು: ಎಲ್ಲ ಹೊಂದಿತು. ಮಾರ್ಚ್‌ನಲ್ಲಿ ವೇಳಾಪಟ್ಟಿ ಬಂತು. ಕೋವಿಡ್ ಕಾರಣಕ್ಕೆ ಆ ವರ್ಷ ಯಾವ ತಂಡಕ್ಕೂ ತವರಿನಲ್ಲಿ ಪಂದ್ಯವಿಲ್ಲ. ಚೆನ್ನೈ ತಂಡ ಆಟ ಶುರುಮಾಡಿದ್ದು ಮುಂಬೈನ ವಾಂಖೆಡೆಯಲ್ಲಿ. ಅದೇ ಹರಾಜಿನಲ್ಲಿ 7 ಕೋಟಿಗೆ ಕೊಂಡಿದ್ದ ಮೊಯಿನ್ ಅಲಿ ಅದೇ ಕೆಲಸ ಮಾಡುತ್ತಿದ್ದರು. ಚೆನ್ನೈ ಆ ವರ್ಷ ಕಪ್ ಗೆದ್ದಿತು. ಗೌತಮ್ ಒಂದೂ ಪಂದ್ಯ ಆಡಲಿಲ್ಲ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಗೌತಮ್ ಅವರ ಬೌಲಿಂಗ್‌ನಲ್ಲಿ ಬದಲಾದದ್ದು ಏನೂ ಇಲ್ಲ, ಊರು ಬದಲಾಯಿತು.

ಆ ಜೈಪುರದ ಹರಾಜಿನ ದಿನವೇ, ವರುಣ್ ಅವರ ಮೇಲೆ ಕೋಟಿಗಳು ಬೀಳುತ್ತಿದ್ದಾಗಲೇ, ಬೆಂಗಳೂರು ತಂಡ ದೇವದತ್ತ ಪಡಿಕ್ಕಲ್ ಎಂಬ 18ರ ಹುಡುಗನನ್ನು 20 ಲಕ್ಷಕ್ಕೆ ತೆಗೆದುಕೊಂಡಿತ್ತು. 2019ರ ಪೂರ್ತಿ ಅವನನ್ನು ಆಡಿಸಲೇ ಇಲ್ಲ. 2020ರಲ್ಲಿ 473 ರನ್, ಆ ಟೂರ್ನಿಯ ಉದಯೋನ್ಮುಖ ಆಟಗಾರ ಪ್ರಶಸ್ತಿ. ಅಮೆರಿಕದಲ್ಲಿ ಮುಂದೆ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಆದ ಆರನ್ ರಾಜರ್ಸ್ 2005ರಲ್ಲಿ ಆಯ್ಕೆಯಾಗಿ ಮೂರು ವರ್ಷ ಹಿರಿಯರೊಬ್ಬರ ಹಿಂದೆ ಕೂತು ಆಟ ಕಲಿತರು. ಅಂಥದೇ ಹೆಸರು ಮಾಡಿದ ಪ್ಯಾಟ್ರಿಕ್ ಮಹೋಮ್ಸ್ 2017ರಲ್ಲಿ ಬಂದು ಒಂದು ವರ್ಷ ಕೂತರು. ಸೋತ ತಂಡಕ್ಕೆ ಮೊದಲ ಹೆಸರಾಗಿ ಹೋದವನಿಗೆ ಈ ಪುಣ್ಯ ಇರುವುದಿಲ್ಲ. ಅವನನ್ನು ಮೊದಲ ವಾರವೇ ಮುಂದೆ ನಿಲ್ಲಿಸುತ್ತಾರೆ, ಕೊಟ್ಟ ಕಾಸು ಕಾಯಲು ಬಿಡುವುದಿಲ್ಲ. ದುಬಾರಿ ಬೆಲೆ ಹುಡುಗನಿಗೆ ವರ ಎಂದು ನಾವು ಅಂದುಕೊಳ್ಳುತ್ತೇವೆ. ಹಲವು ಸಲ ಅದು ಅವನ ಕಲಿಕೆಯ ಸಮಯವನ್ನೇ ಕಿತ್ತುಕೊಳ್ಳುತ್ತದೆ.

ಹಾಗಾದರೆ ಅಳತೆಯೇ ಬೇಡವೇ? ಬೇಕು. ಯಾವ ಅಳತೆ ಎಷ್ಟು ಹೇಳುತ್ತದೆ ಎಂಬ ಅಂದಾಜೂ ಜೊತೆಗಿರಬೇಕು. ಮೈಯ ಅಳತೆ ಬಹಳ ಬೇಗ ಮೋಸ ಮಾಡುತ್ತದೆ, ಏಕೆಂದರೆ ಅದು ಬಹಳ ಖಚಿತವಾಗಿ ಕಾಣುತ್ತದೆ. ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಅವರನ್ನು ಹುಡುಗನಾಗಿದ್ದಾಗ ತೀರ ಕುಳ್ಳ, ತೀರ ಸಣ್ಣ ಎಂದು ಆಯ್ಕೆದಾರರು ಬಿಟ್ಟಿದ್ದರು. ಅವರು 1967ರಲ್ಲಿ ಆಂಧ್ರದ ವಿರುದ್ಧ ತಮ್ಮ ಮೊದಲ ರಣಜಿ ಪಂದ್ಯದಲ್ಲೇ 230 ಹೊಡೆದರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್: ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಸೊನ್ನೆಯ ಮೇಲೆ ಅಳೆದು ಕಳಿಸುವಂತಿದ್ದರೆ ಮುಗಿದೇ ಹೋಗುತ್ತಿತ್ತು. ಟೆಸ್ಟ್ ಪಂದ್ಯಕ್ಕೆ ಎರಡು ಇನಿಂಗ್ಸ್ ಇರುವುದು ನಮ್ಮ ಅದೃಷ್ಟ. ಅಮೆರಿಕದಲ್ಲಿ ಜೋ ಬರೋ ಎಂಬ ಕ್ವಾರ್ಟರ್‌ಬ್ಯಾಕ್‌ನ ಅಂಗೈ 9 ಇಂಚು, ಚಿಕ್ಕದು ಎಂದು 2020ರಲ್ಲಿ ಗುಲ್ಲೆದ್ದಿತು. ಚೆಂಡು ಕೈಯಿಂದ ಜಾರುವುದಾದರೆ ನಿವೃತ್ತಿಯೇ ವಾಸಿ ಎಂದು ಅವರೇ ತಮಾಷೆ ಮಾಡಿದರು. ಆ ವರ್ಷದ ಮೊದಲ ಹೆಸರು ಅವರದೇ ಆಯಿತು.

ಎರಡನೆಯದು ಅಂಕಿಗಳು. ವರುಣ್ ಚೆನ್ನೈ ಲೀಗ್‌ನ ನಾಲ್ಕನೇ ಡಿವಿಷನ್‌ನಲ್ಲಿ ಜುಬಿಲಿ ಕ್ಲಬ್ ಪರ ಏಳು ಪಂದ್ಯಗಳಲ್ಲಿ 31 ವಿಕೆಟ್ ತೆಗೆದಿದ್ದರು. 31 ಎಂಬುದು ನಿಜ, ನಾಲ್ಕನೇ ಡಿವಿಷನ್ ಎಂಬುದೂ ನಿಜ. ಎದುರಿಗೆ ನಿಂತವರು ಯಾರು ಎಂದು ಕೇಳದೆ ವಿಕೆಟ್ ಎಣಿಸಿದರೆ ಏನೂ ತಿಳಿಯುವುದಿಲ್ಲ. ಅಮೆರಿಕದ ಆಯ್ಕೆದಾರರ ದೊಡ್ಡ ತಲೆನೋವೂ ಇದೇ. ಕಾಲೇಜು ಆಟದಲ್ಲಿ ಸಾಲು ಸಡಿಲ, ಜಾಗ ಹೆಚ್ಚು, ಎಷ್ಟೋ ಸಲ ಯಾರಿಗೆ ಎಸೆಯಬೇಕೆಂಬ ಸನ್ನೆ ಕೋಚ್‌ನಿಂದಲೇ ಬರುತ್ತದೆ. ವೃತ್ತಿಪರರಲ್ಲಿ ಆ ಮೂರು ಸೆಕೆಂಡಿನ ತೀರ್ಮಾನ ಹುಡುಗನದೇ. ಹಾಗಾಗಿ ಬಲ್ಲ ಆಯ್ಕೆದಾರ ಗೆದ್ದ ಪಂದ್ಯದ ವಿಡಿಯೊಗಿಂತ ಎರಡು ವಿಕೆಟ್ ಹೋಗಿ ಆಟ ಕೆಟ್ಟಾಗಿನ ವಿಡಿಯೊ ಕೇಳುತ್ತಾನೆ. ಹೊಡೆಸಿಕೊಂಡ ಮೇಲೆ ಮುಂದಿನ ಚೆಂಡು ಎಲ್ಲಿ ಹಾಕಿದ? ತಪ್ಪು ಮಾಡಿದ ಮೇಲೆ ಯಾರ ಮುಖ ನೋಡಿದ? ಇದಕ್ಕೆ ಅಂಕಿ ಇಲ್ಲ. ಆದರೆ ಹತ್ತಾರು ಸಲ ನೋಡಿದರೆ ಕಾಣುತ್ತದೆ.

ಹತ್ತಾರು ಸಲ ನೋಡುವುದು ಅನ್ನುವಾಗ ವರುಣ್ ಕತೆ ಇನ್ನೊಮ್ಮೆ ತೆರೆಯಬೇಕು. 17ರವರೆಗೆ ಅವರು ವಿಕೆಟ್‌ಕೀಪರ್. ವಯೋಮಿತಿ ತಂಡಗಳಿಗೆ ಆಯ್ಕೆಯಾಗದೆ ಆಟ ಬಿಟ್ಟರು. ಐದು ವರ್ಷ ಕಾಲೇಜು, ಆಮೇಲೆ ಕಟ್ಟಡಗಳ ನಕ್ಷೆ ಬರೆಯುವ ಕೆಲಸ, ನಡುವೆ ಟೆನಿಸ್ ಬಾಲ್ ಪಂದ್ಯ. ಕೆಲಸ ಬಿಟ್ಟು ವೇಗದ ಬೌಲರ್ ಆಗಿ ಕ್ಲಬ್ ಸೇರಿದರು. ಮೊಣಕಾಲಿಗೆ ಪೆಟ್ಟಾಯಿತು. ಆಗ ಟೆನಿಸ್ ಬಾಲ್‌ನಲ್ಲಿ ಬೆರಳಾಡಿಸಿ ಕಲಿತದ್ದನ್ನು ಚರ್ಮದ ಚೆಂಡಿಗೆ ತಂದರು. ಐಪಿಎಲ್ ತಂಡಗಳಿಗೆ ನೆಟ್ ಬೌಲರ್ ಆಗಿ ಹೋದರು, ಅದರಲ್ಲಿ ಕೋಲ್ಕತ್ತವೂ ಒಂದು. 2019ರಲ್ಲಿ 25 ರನ್ ಹೊಡೆಸಿಕೊಂಡದ್ದನ್ನು ಎದುರಿಗೇ ಕಂಡಿದ್ದ ತಂಡ ಅದೇ ವರ್ಷ ಅವರನ್ನು ಕೊಂಡದ್ದು ಸುಮ್ಮನೆ ಅಲ್ಲ: ಆ ಓವರ್ ಅವರು ನೋಡಿದ್ದ ಹಲವಾರು ಓವರ್‌ಗಳಲ್ಲಿ ಒಂದು ಮಾತ್ರ. 2021ರ ಟಿ20 ವಿಶ್ವಕಪ್‌ನಲ್ಲಿ ಮೂರು ಪಂದ್ಯ ಆಡಿ ಒಂದೂ ವಿಕೆಟ್ ಸಿಗದೆ ಭಾರತ ತಂಡದಿಂದ ಹೊರಬಿದ್ದರು. 2024ರ ಐಪಿಎಲ್‌ನಲ್ಲಿ 21 ವಿಕೆಟ್ ತೆಗೆದರು, ಕೋಲ್ಕತ್ತ ಕಪ್ ಗೆದ್ದಿತು, ಆ ಅಕ್ಟೋಬರ್‌ನಲ್ಲಿ ಭಾರತ ತಂಡ ಮತ್ತೆ ಕರೆಯಿತು. 2025ರ ಆರಂಭದಲ್ಲಿ ಇಂಗ್ಲೆಂಡ್ ವಿರುದ್ಧ ಐದು ಟಿ20ಗಳಲ್ಲಿ 14 ವಿಕೆಟ್, ಮಾರ್ಚ್‌ನಲ್ಲಿ ಚಾಂಪಿಯನ್ಸ್ ಟ್ರೋಫಿಯಲ್ಲಿ ನ್ಯೂಜಿಲೆಂಡ್ ವಿರುದ್ಧ 42ಕ್ಕೆ ಐದು. ಆಗ ಅವರಿಗೆ 33 ವರ್ಷ. ಇಷ್ಟು ಸಲ ತಿರಸ್ಕಾರಕ್ಕೊಳಗಾದವನನ್ನು ಇಷ್ಟು ಸಲ ಮತ್ತೆ ನೋಡಿದ್ದು ಹೇಗೆ ಸಾಧ್ಯವಾಯಿತು? ಚೆನ್ನೈನಲ್ಲಿ ಲೀಗ್ ಇದೆ, ಡಿವಿಷನ್‌ಗಳಿವೆ, ತಮಿಳುನಾಡು ಪ್ರೀಮಿಯರ್ ಲೀಗ್ ಇದೆ, ಐಪಿಎಲ್ ತಂಡದ ನೆಟ್ಸ್ ಇದೆ. ಅವರು ಬೀದರಿನಲ್ಲೇ ಬೆಳೆದಿದ್ದರೆ ಈಗ ಒಳ್ಳೆಯ ವಾಸ್ತುಶಿಲ್ಪಿ ಆಗಿರುತ್ತಿದ್ದರು, ಅಷ್ಟೇ.

ಅದೇ ಬೀದರ್ ಜಿಲ್ಲೆಯ, ಬಸವಕಲ್ಯಾಣ ಕಡೆಯ ಗೋರ್ಟಾ (ಬಿ) ಎಂದರೆ ಹೊರಗಿನವರಿಗೆ ಗೊತ್ತಿರುವುದು 1948ರ ಮೇ ತಿಂಗಳು, ರಜಾಕಾರರ ದಾಳಿ, ಹುತಾತ್ಮರ ಸ್ಮಾರಕ. ಅದಕ್ಕಾಗಿ ಮಂತ್ರಿಗಳು ಬರುತ್ತಾರೆ, ಕ್ಯಾಮೆರಾ ಬರುತ್ತದೆ. ಊರಿನ ಹುಡುಗರು ಸೋಯಾ ರಾಶಿ ಮುಗಿದ ಮೇಲೆ ಹಿಂಗಾರಿ ಬಿತ್ತದೆ ಪಡಾ ಬಿದ್ದ ಹೊಲ ಹುಡುಕಿ, ಕಲ್ಲು ಆಯ್ದು, ಟೆನಿಸ್ ಬಾಲ್ ಆಡುವುದನ್ನು ನೋಡಲು ಯಾರೂ ಬರುವುದಿಲ್ಲ. ಈ ಆಟದ ಪರಿಣತಿಯೇ ಬೇರೆ. ಆರು ಅಥವಾ ಎಂಟು ಓವರ್, ಬ್ಯಾಟ್ ಹಿಡಿದವನಿಗೆ ಕಾಲೂರಲು ಪುರುಸೊತ್ತಿಲ್ಲ, ಬೌಲರ್‌ಗೆ ಯಾರ್ಕರ್ ಬಿಟ್ಟರೆ ಗತಿಯಿಲ್ಲ. ಚರ್ಮದ ಚೆಂಡು ನಿಯಮದ ಪ್ರಕಾರ 155.9ರಿಂದ 163 ಗ್ರಾಂ ತೂಗುತ್ತದೆ, ಅದಕ್ಕೆ ಹೊಲಿಗೆ ಇರುತ್ತದೆ, ಹೊಳಪು ಇರುತ್ತದೆ, ಬಿದ್ದರೆ ಹಲ್ಲು ಹೋಗುತ್ತದೆ. ಒಂದರಲ್ಲಿ ಹುಲಿಯಾದವನು ಇನ್ನೊಂದರಲ್ಲಿ ಏನಾಗುತ್ತಾನೆ ಎಂದು ಹೇಳಲು ಅವನನ್ನು ಆ ಇನ್ನೊಂದರಲ್ಲಿ ಕೆಲವು ತಿಂಗಳು ಆಡಿಸಿಯೇ ನೋಡಬೇಕು. 2024ರಿಂದ ಇಂಡಿಯನ್ ಸ್ಟ್ರೀಟ್ ಪ್ರೀಮಿಯರ್ ಲೀಗ್ ಎಂಬ ಟೆನಿಸ್ ಬಾಲ್ ಟೂರ್ನಿಯೇ ಶುರುವಾಗಿದೆ, ಬೆಂಗಳೂರಿಗೂ ಹೈದರಾಬಾದಿಗೂ ಅದರಲ್ಲಿ ತಂಡಗಳಿವೆ. ಒಳ್ಳೆಯದೇ. ಆದರೆ ಅದೂ ನಗರಕ್ಕೆ ಬಂದು ತೋರಿಸಿದವನನ್ನೇ ನೋಡುತ್ತದೆ.

ಅಧಿಕೃತ ದಾರಿ ಹೀಗಿದೆ. ಕರ್ನಾಟಕ ಕ್ರಿಕೆಟ್ ಸಂಸ್ಥೆ ರಾಜ್ಯವನ್ನು ವಲಯಗಳಾಗಿ ಹಂಚಿದೆ. ಬೀದರ್ ಜಿಲ್ಲೆ ರಾಯಚೂರು ವಲಯಕ್ಕೆ ಸೇರಿದ್ದು. ಬಸವಕಲ್ಯಾಣದಿಂದ ಹೈದರಾಬಾದ್ ಇನ್ನೂರು ಕಿಲೋಮೀಟರ್ ಒಳಗೆ, ಹುಮನಾಬಾದ್‌ನಲ್ಲಿ ಹೆದ್ದಾರಿಗೆ ಬಂದು ನಿಂತರೆ ಅಲ್ಲಿಗೂ ಸೋಲಾಪುರಕ್ಕೂ ಬಸ್ಸು. ರಾಯಚೂರು ಅದಕ್ಕಿಂತ ದೂರ. ಬೆಂಗಳೂರು ಆರುನೂರು ಕಿಲೋಮೀಟರ್‌ಗೂ ಮೇಲೆ. ವಲಯದ ಆಯ್ಕೆ ಶಿಬಿರಕ್ಕೆ ಹುಡುಗ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಹೋಗಬೇಕು, ಅಪ್ಪ ಒಂದು ದಿನದ ಕೂಲಿ ಬಿಡಬೇಕು, ಎರವಲು ಬ್ಯಾಟು, ಎರವಲು ಪ್ಯಾಡು. ನೂರಾರು ಹುಡುಗರು ಸಾಲಿನಲ್ಲಿ ನಿಂತಿರುವಾಗ ಒಬ್ಬೊಬ್ಬರಿಗೆ ನೆಟ್ಸ್‌ನಲ್ಲಿ ಸಿಗುವುದು ಕೆಲವೇ ನಿಮಿಷ. ಅಮೆರಿಕದವರು ಒಬ್ಬ ಕ್ವಾರ್ಟರ್‌ಬ್ಯಾಕ್‌ನ ಮೂರು ವರ್ಷದ ಆಟವನ್ನೆಲ್ಲ ಎಳೆ ಎಳೆಯಾಗಿ ನೋಡಿ 52 ಪ್ರತಿಶತಕ್ಕೆ ಬಂದು ಮುಟ್ಟಿದ್ದಾರೆ. ಕೆಲವು ನಿಮಿಷದ ನೋಟ ಎಲ್ಲಿಗೆ ಮುಟ್ಟೀತು? ಆಯ್ಕೆದಾರರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಅವರ ಜಾಗದಲ್ಲಿ ಕೂತರೆ ನಾನೂ ನೀವೂ ಎತ್ತರ ಇರುವವನನ್ನೇ, ಜೋರಾಗಿ ಎಸೆಯುವವನನ್ನೇ, ಪರಿಚಿತ ಕೋಚಿಂಗ್ ಕೇಂದ್ರದಿಂದ ಬಂದವನನ್ನೇ ಗುರುತು ಹಾಕಿಕೊಳ್ಳುತ್ತೇವೆ.

ಈ ವಲಯದಿಂದ ಯಾರೂ ದಾಟಿಲ್ಲ ಎಂದಲ್ಲ. ರಾಯಚೂರಿನ ಯರೇಗೌಡ ಇದ್ದಾರೆ. 1990ರ ದಶಕದಲ್ಲಿ ಕರ್ನಾಟಕಕ್ಕೆ ಆಡಿದರು, ಆದರೆ ಆಗಿನ ಕರ್ನಾಟಕ ತಂಡ ರಣಜಿಯನ್ನು ಮೇಲಿಂದ ಮೇಲೆ ಗೆಲ್ಲುತ್ತಿದ್ದ ತಂಡ. ಸುಮ್ಮನೆ ನಿಂತು ಆಡುವ ಮಧ್ಯಮ ಕ್ರಮಾಂಕದವನ ಕೊರತೆ ಅದಕ್ಕಿರಲಿಲ್ಲ. ಆ ಕೊರತೆ ಇದ್ದದ್ದು ರೈಲ್ವೇಸ್‌ಗೆ. ಅಲ್ಲಿಗೆ ಹೋಗಿ ಯರೇಗೌಡ ವರ್ಷಗಟ್ಟಲೆ ಗೋಡೆಯಾಗಿ ನಿಂತರು, ರೈಲ್ವೇಸ್ 2001–02ರಲ್ಲೂ 2004–05ರಲ್ಲೂ ರಣಜಿ ಗೆದ್ದಿತು. ಆಮೇಲೆ ಕರ್ನಾಟಕ ಮತ್ತೆ ಕರೆಯಿತು, ನಾಯಕನನ್ನಾಗಿ ಮಾಡಿತು, ಮುಂದೆ ಕೋಚ್ ಕೂಡ ಮಾಡಿತು. ಕೊಹ್ಲಿ ಕತೆಯ ತಿರುವುಮುರುವು: ಇಲ್ಲಿ ಹುಡುಗನನ್ನು ಬಿಟ್ಟುಕೊಟ್ಟದ್ದು ನಮ್ಮ ರಾಜ್ಯ, ನೋಡಿದ್ದು ಹೊರಗಿನವರು. ಗದಗಿನ ಸುನಿಲ್ ಜೋಶಿ ನಸುಕಿನಲ್ಲೇ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ ಶಾಲೆಯ ಹೊತ್ತಿಗೆ ವಾಪಸಾಗುತ್ತಿದ್ದರು. ಮುಂದೆ ಭಾರತಕ್ಕೆ ಆಡಿ, 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು. ಗದಗಿಗೆ ಹುಬ್ಬಳ್ಳಿ ಇತ್ತು. ಗೋರ್ಟಾಕ್ಕೆ ದಿನಾ ಹೋಗಿ ಬರುವಂಥ ಹುಬ್ಬಳ್ಳಿ ಯಾವುದು?

ಇಲ್ಲಿ ಒಂದು ಅಸಮಾಧಾನ ಹೇಳಲೇಬೇಕು. 2022ರಲ್ಲಿ ರಾಜ್ಯದ ಟಿ20 ಟೂರ್ನಿ ಮಹಾರಾಜ ಟ್ರೋಫಿ ಶುರುವಾದಾಗ ಅದರಲ್ಲಿ ಗುಲ್ಬರ್ಗ ಮಿಸ್ಟಿಕ್ಸ್ ಎಂಬ ತಂಡ ಇತ್ತು, ಮನೀಷ್ ಪಾಂಡೆ ನಾಯಕ. ಮೊದಲ ವರ್ಷವೇ ಕಪ್ ಗೆದ್ದಿತು. ನಮ್ಮ ಕಡೆಯ ಹುಡುಗರು ಫೋನಿನಲ್ಲಿ ನೋಡಿ ಕುಣಿದರು. ಆದರೆ 2022ರಿಂದ 2025ರವರೆಗೆ ಈ ಟೂರ್ನಿಯ ಪಂದ್ಯಗಳು ನಡೆದದ್ದು ಮೈಸೂರಿನಲ್ಲಿ, ಬೆಂಗಳೂರಿನಲ್ಲಿ. ಗುಲ್ಬರ್ಗ ತಂಡ ಗುಲ್ಬರ್ಗದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ಒಂದೂ ಪಂದ್ಯ ಆಡಲಿಲ್ಲ. ಇದು ಅಭಿಮಾನದ ಪ್ರಶ್ನೆ ಮಾತ್ರ ಎಂದು ಬೆಂಗಳೂರಿನವರಿಗೆ ಅನ್ನಿಸಬಹುದು. ಆದರೆ ಐಪಿಎಲ್ ತಂಡಗಳಿಗೆ ಪ್ರತಿಭೆ ಹುಡುಕುವವರು ಕೂರುವುದು ಈ ಟೂರ್ನಿಯ ಗ್ಯಾಲರಿಯಲ್ಲಿ. 2024ರಲ್ಲಿ ಶಿವಮೊಗ್ಗ ಪರ ಅಭಿನವ್ ಮನೋಹರ್ 52 ಸಿಕ್ಸರ್ ಹೊಡೆದು 507 ರನ್ ಗಳಿಸಿದರು, ಅದೇ ನವೆಂಬರ್‌ನ ಹರಾಜಿನಲ್ಲಿ ಹೈದರಾಬಾದ್ 3 ಕೋಟಿ 20 ಲಕ್ಷ ಕೊಟ್ಟಿತು. ಆ ಗ್ಯಾಲರಿ ವರ್ಷಕ್ಕೆ ಒಂದು ವಾರ ಕಲಬುರಗಿಗೆ ಬಂದರೆ, ಬಂದ ತಂಡಕ್ಕೆ ನೆಟ್ ಬೌಲರ್‌ಗಳು ಬೇಕಾಗುತ್ತಾರೆ. ನೆಟ್ ಬೌಲರ್ ಎಂದರೆ ಏನು ಎಂಬುದಕ್ಕೆ ವರುಣ್ ಸಾಕ್ಷಿ: ಯಾರೂ ಹೆಸರು ಕೇಳದ ಹುಡುಗನನ್ನು ಒಳ್ಳೆಯ ಬ್ಯಾಟರ್ ಒಬ್ಬರು ವಾರಪೂರ್ತಿ ಎದುರಿಸಿ ನೋಡುವ ಏಕೈಕ ಜಾಗ ಅದು. ಬೀದರ್, ಹುಮನಾಬಾದ್, ಬಸವಕಲ್ಯಾಣ, ಆಳಂದದ ಹುಡುಗರು ಬೆಳಗಿನ ಬಸ್ಸಿಗೆ ಹೋಗಿ ರಾತ್ರಿ ಮನೆಗೆ ಬರಬಹುದು. ಕೂಲಿ ಬಿಡುವುದು ಬೇಡ, ಲಾಡ್ಜ್ ಬೇಡ.

ಅಂಥ ಮಟ್ಟದ ಪಂದ್ಯಕ್ಕೆ ತಕ್ಕ ಮೈದಾನ, ದೀಪ, ಹೋಟೆಲ್ ಇಲ್ಲ ಎಂಬ ಉತ್ತರ ಬರುತ್ತದೆ, ಬರಲಿ. ಟಿವಿಗೆ ಹಗಲಿನ ಪಂದ್ಯ ಸಾಕಾಗುವುದಿಲ್ಲ ಎನ್ನುತ್ತಾರೆ, ಅದೂ ಇರಲಿ. ಪಂದ್ಯ ಆಮೇಲೆ ಆದೀತು. ಮೊದಲು ಗುಲ್ಬರ್ಗ ಮಿಸ್ಟಿಕ್ಸ್ ತನ್ನ ಟೂರ್ನಿಪೂರ್ವ ಅಭ್ಯಾಸ ಶಿಬಿರವನ್ನಾದರೂ ಹದಿನೈದು ದಿನ ಕಲಬುರಗಿಯಲ್ಲಿ ಇಡಲಿ. ಅದಕ್ಕೆ ದೀಪವೂ ಬೇಡ, ಟಿವಿಯೂ ಬೇಡ. ಒಂದು ಒಳ್ಳೆಯ ಪಿಚ್, ಬಲೆ, ಚರ್ಮದ ಚೆಂಡುಗಳ ಒಂದು ಪೆಟ್ಟಿಗೆ, ಮತ್ತು ನಿನ್ನೆ ಹೊಡೆಸಿಕೊಂಡ ಹುಡುಗನನ್ನು ಇವತ್ತೂ ಬೌಲಿಂಗ್‌ಗೆ ಕರೆಯುವ ಒಬ್ಬ ಕೋಚ್ ಇದ್ದರೆ ಆಯಿತು.